ತೂಕದ ಮನೆಯ ಕಿಂಡಿ

ಅರಸೀಕೆರೆಯ ನಮ್ಮ ಕೊಬ್ಬರಿ ಬೆಳೆಗಾರರ ಸಂಘಕ್ಕೆ ಹುಲಿಕೆರೆಯ ಅಕ್ಷತಾ ಒಂದು ಪುಟ್ಟ ಕಂಪ್ಯೂಟರ್ ಕೂರಿಸಿದ್ದಳು. ಅದರೊಳಗೆ ಎರಡು ಪ್ರೋಗ್ರಾಂ. ಒಂದು ತಕ್ಕಡಿಯ ತೂಕ ಓದುವುದು, ಇನ್ನೊಂದು ಚೀಟಿ ಅಚ್ಚು ಹಾಕುವುದು. ಬೇರೆ ಬೇರೆಯಾಗಿ ಎರಡೂ ಸರಿ. ಜೊತೆಗೆ ಬಿಟ್ಟರೆ ಚೀಟಿಯೇ ಬರದು.

"ಮಧ್ಯಾಹ್ನ ಗಾಡಿಗಳು ಬರ್ತವೆ. ಅಷ್ಟರೊಳಗೆ ಆಗ್ದಿದ್ರೆ ನಿನ್ನ ಪೆಟ್ಟಿಗೆ ನೀನು ಎತ್ಕೊಂಡು ಹೋಗಮ್ಮ. ನಾವು ಪೆನ್ನು ಹಿಡೀತೀವಿ" ಎಂದರು ಕಾರ್ಯದರ್ಶಿ ಇಂದುಧರ.

ಅವಳಿಗೆ ಸಿಕ್ಕಿದ ಮೊದಲ ಕೆಲಸ ಅದು. ಆ ಪ್ರೋಗ್ರಾಂ ಬಿಚ್ಚಿದಳು, ಈ ಪ್ರೋಗ್ರಾಂ ಬಿಚ್ಚಿದಳು. ತಪ್ಪು ಎಲ್ಲೂ ಕಾಣಲಿಲ್ಲ. ನಲವತ್ತು ವರ್ಷ ಅಲ್ಲೇ ತೂಕ ಹಾಕಿದ ನಾನು ಮೂಲೆಯಲ್ಲಿ ಚೀಲ ಹೊಲಿಯುತ್ತ ನೋಡುತ್ತಿದ್ದವನು ಬಾಯಿ ಹಾಕಿದೆ.

"ಅವ್ವಾ, ಹಿಂದೆ ಈ ಗೋಡೇಲಿ ಒಂದು ಕಿಂಡಿ ಇತ್ತು. ನಾನು ರಟ್ಟಿನ ಮೇಲೆ ಇದ್ದಿಲಲ್ಲಿ ಗೀಟು ಹಾಕಿ ಒಳಕ್ಕೆ ತಳ್ತಿದ್ದೆ. ಆ ಕಡೆ ಗುಮಾಸ್ತ ಷಡಕ್ಷರಪ್ಪನೋರು ಎತ್ಕೊಂಡು ಚೀಟಿ ಬರೀತಿದ್ರು. ಒಂದ್ಸಲ ಗಾರೆಯವನು ಇಲಿ ಬರ್ದಿರ್ಲಿ ಅಂತ ನಡುವೆ ಹಲಗೆ ಹೊಡ್ದುಬಿಟ್ಟವ್ನೆ. ಬೆಳಗಿಂದ ನಾನು 'ಅವ್ರು ಮಲಗವ್ರೆ' ಅಂತ ಬಯ್ಯೋದು, ಅವ್ರು 'ದ್ಯಾವಯ್ಯ ಮಲಗವ್ನೆ' ಅಂತ ಬಯ್ಯೋದು!"

ಅಕ್ಷತಾಳ ಕೈ ನಿಂತಿತು.

"ಅಯ್ಯೋ, ನಾನು ಕರ್ನಲ್ ನೋಡೇ ಇಲ್ಲ ತಾತ!"

"ಹಂಗಂದ್ರೇನವ್ವ?"

"ಕಂಪ್ಯೂಟರಿನ ಯಜಮಾನ ಅಂದ್ಕೊಳ್ಳಿ. ತೂಕದ ಸಂದೇಶ ಅವನ ಕೈಗೆ ಕೊಟ್ರೆ ಚೀಟಿಯವನಿಗೆ ದಾಟಿಸ್ತಾನೆ. ಆ ಅನುಕೂಲ ಇದೆಯಾ ಅಂತ ಅವನನ್ನೇ ಕೇಳ್ಬೇಕು."

ನಾಲ್ಕು ಅಕ್ಷರ ಒತ್ತಿದಳು. ಪರದೆಯ ಮೇಲೆ ಉತ್ತರ ಬಂತು. ಅವಳು ಹಣೆ ಚಚ್ಚಿಕೊಂಡಳು.

"ಸಂದೇಶ ಇಡೋಕೆ ಜಾಗವೇ ಇಲ್ವಂತೆ. ಪುಟ್ಟ ಪೆಟ್ಟಿಗೆ, ಹಗುರ ಇರ್ಲಿ ಅಂತ ಬೇಡದ್ದನ್ನೆಲ್ಲ ನಾನೇ ತೆಗೆದಿದ್ದೆ. ಅದರ ಜೊತೆ ಇದೂ ಹೋಗಿದೆ."

"ಹಂಗಾರೆ ಹಲಗೆ ಹೊಡ್ದೋಳು ನೀನೇ ಅನ್ನು!"

ನಕ್ಕಳು. ತನ್ನ ಲ್ಯಾಪ್‌ಟಾಪಿನಲ್ಲಿ ಕರ್ನಲ್ಲನ್ನು ಹೊಸದಾಗಿ ಕಟ್ಟಲು ಕೂತಳು. ಎರಡು ಗಂಟೆ ಹಿಡಿಯಿತು. ಅದನ್ನು ಪೆಟ್ಟಿಗೆಗೆ ಹಾಕಿ, ಪೆಟ್ಟಿಗೆ ಆರಿಸಿ ಹಚ್ಚಿ, ಮತ್ತೆ ಅದೇ ನಾಲ್ಕು ಅಕ್ಷರ ಒತ್ತಿದಳು. ಈ ಸಲ ಮೇಲೊಂದು ತಲೆಬರಹ ಬಂತು. ಕೆಳಗೆ ಏನೂ ಇಲ್ಲ. ನಾನು ಸೂಜಿ ಬಿಟ್ಟು ಪರದೆಯತ್ತ ಬಗ್ಗಿದೆ.

"ಖಾಲಿ ಐತಲ್ಲವ್ವ..."

"ಖಾಲಿನೇ ಇರ್ಬೇಕು ತಾತ. ಕಿಂಡಿ ಇದೆ. ರಟ್ಟು ಇನ್ನೂ ಯಾರೂ ಇಟ್ಟಿಲ್ಲ ಅಷ್ಟೇ. ನೀವೇ ಇಡಿ."

ಹೊರಗೆ ಆಗಲೇ ಗಾಡಿಗಳ ಹಾರನ್ ಕೇಳುತ್ತಿತ್ತು. ಹೊಲಿದಿಟ್ಟಿದ್ದ ಅರೆ ಚೀಲವೊಂದನ್ನು ತಕ್ಕಡಿಗೆ ಎಳೆದು ಹಾಕಿದೆ. ಗೋಡೆಯ ಬದಿಯ ಯಂತ್ರ ಕರಕರ ಅಂದು ಚೀಟಿಯ ತುದಿ ಚಾಚಿತು.

ಇಂದುಧರ ಅದನ್ನು ಹರಿದು, ಬೆಳಕಿಗೆ ಹಿಡಿದು ನೋಡಿದರು. ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಬಾಗಿಲಿಗೆ ಹೋಗಿ ಕೂಗಿದರು:

"ಮೊದಲ್ನೇ ಗಾಡಿ ಬಿಡ್ರೋ!"