ಸೀಟ್ ಬೆಲ್ಟಿನ ಕೊಂಡಿ

ತೋಟಕ್ಕೆ ನುಗ್ಗುವ ಆನೆಗಳ ದಾರಿ ಹುಡುಕುತ್ತಾ ಕಾಡಿಗೆ ಹೋಗಿದ್ದ ಗುತ್ತಿಗಾರಿನ ಕುಶಾಲಪ್ಪ ಅಲ್ಲಿ ವಿಮಾನದ ಬಾಲ ಕಂಡರು. ಅವರು ತೆಗೆದ ಫೋಟೋ ಯಾರ್ಯಾರದೋ ಮೊಬೈಲ್ ದಾಟಿ, ಪುತ್ತೂರಿನಲ್ಲಿ ರಸಾಯನಶಾಸ್ತ್ರ ಕಲಿಸುವ ನನ್ನನ್ನು ತಲುಪಿತು. ಬಾಲದ ನಂಬರು ಅಪ್ಪನ ವಿಮಾನದ್ದೇ. ನಾನು ಹುಟ್ಟುವ ಮೊದಲೇ ವಾಯುಸೇನೆಯ ಆ ಒಂಟಿ ಸೀಟಿನ ವಿಮಾನ ಅಪ್ಪನ ಸಮೇತ ಕಾಣೆಯಾಗಿತ್ತು. ಅಮ್ಮ ಇವತ್ತಿಗೂ ಶ್ರಾದ್ಧ ಮಾಡಿಸಿಲ್ಲ, ಕುಂಕುಮ ಅಳಿಸಿಲ್ಲ.

"ಸರಿಯಾಗಿ ನೋಡಿ ಬಾ ಶಾಂಭವಿ. ಶ್ರಾದ್ಧಕ್ಕೆ ಭಟ್ರಿಗೆ ಹೇಳಿಟ್ಟಿದ್ದೇನೆ. ನೀನು ಹೇಳಿದ ಹಾಗೆ ಮಾಡ್ತೇನೆ" ಅಂದಿದ್ದಳು.

ಅರಣ್ಯ ಇಲಾಖೆಯ ಅನುಮತಿ ಪಡೆದು ನಾನೂ ಕುಶಾಲಪ್ಪನವರೂ ಗುಡ್ಡ ಹತ್ತಿದೆವು.

"ಆನೆ ಬಂದ್ರೆ ಎಂತ ಮಾಡುದು?"

"ನೀವು ಓಡಿ ಮೇಡಂ. ನನ್ನ ಬಾಳೆ ತಿಂದ ಆನೆಯೇ ಆದ್ರೆ ನನಗೆ ಸ್ವಲ್ಪ ಮಾತಾಡ್ಲಿಕ್ಕುಂಟು."

ಬಳ್ಳಿಗಳ ಅಡಿಯಲ್ಲಿ ತಗಡುಗಳು ಚೆಲ್ಲಿದ್ದವು. ಮುಟ್ಟುವ ಮೊದಲು ಪ್ರತಿಯೊಂದರ ಪಕ್ಕ ಸ್ಕೇಲ್ ಇಟ್ಟು ಫೋಟೋ ತೆಗೆಯುತ್ತಿದ್ದೆ. ಅಷ್ಟರಲ್ಲಿ ತೋಡಿನ ಕಡೆಯಿಂದ ಕುಶಾಲಪ್ಪ ಬಂದರು. ಕೈಯಲ್ಲಿ ತೊಳೆದ ಸೀಟ್ ಬೆಲ್ಟಿನ ತುಂಡು.

"ನೋಡಿ ಮೇಡಂ, ಗಟ್ಟಿ ಮಾಲು! ಈಗಲೂ ಆಡ್ತದೆ." ಕೊಂಡಿ ಹಾಕಿದರು, ತೆಗೆದರು.

"ಸಿಕ್ಕುವಾಗ ಹೇಗಿತ್ತು ಕುಶಾಲಪ್ಪಣ್ಣ? ಹಾಕಿತ್ತಾ, ತೆಗೆದಿತ್ತಾ?"

"ತೆಗೆದೇ ಇತ್ತು. ಅಲ್ಲ... ಮಣ್ಣು ತೊಳೆಯುವಾಗ ನಾನೇ ತೆಗೆದದ್ದಾ ಅಂತ. ಎಂತಕ್ಕೆ?"

ಹಾಕಿದ್ದರೆ ಅಪ್ಪ ಇಲ್ಲೇ ಮುಗಿದರು. ತೆಗೆದಿದ್ದರೆ ಎದ್ದು ಹೋಗಿದ್ದಾರೆ. ಎಲ್ಲಿಗೆ? ಅಥವಾ ಹಿಂದೆ ಯಾವಾಗಲೋ ಬಂದ ಬೇರೆ ಯಾರಾದರೂ ಬಿಚ್ಚಿರಬಹುದು. ಎಲುಬು ಕಾಣಲಿಲ್ಲ. ಈ ಹುಳಿ ಮಣ್ಣಿನಲ್ಲಿ ಅದು ಉಳಿಯುವುದೂ ಇಲ್ಲ. ಹಾಗಾಗಿ ಕಾಣದ್ದರಿಂದ ಏನೂ ಸಾಬೀತಾಗುವುದಿಲ್ಲ. ಕೊಂಡಿಯೊಳಗೆ ಮಣ್ಣು ಕೂತಿದ್ದ ರೀತಿ ನೋಡಿದ್ದರೆ ಏನಾದರೂ ಹೇಳಬಹುದಿತ್ತು. ಅದು ತೋಡಿನ ನೀರಿನಲ್ಲಿ ಹೋಗಿತ್ತು.

"ನಾನು ಎಂತ ತಪ್ಪು ಮಾಡಿದೆ ಮೇಡಂ?"

"ಏನಿಲ್ಲ" ಅಂದೆ. ಬೈಯಬೇಕೋ ಬೇಡವೋ ಅದೂ ತಿಳಿಯಲಿಲ್ಲ.

ಗುಡ್ಡದ ನೆತ್ತಿಯಲ್ಲಿ ಸಿಗ್ನಲ್ ಬಂದದ್ದೇ ಅಮ್ಮನ ಫೋನ್.

"ವಿಮಾನ ಅಪ್ಪನದ್ದೇ ಅಮ್ಮ."

"ಅವರು?"

ಕೊಂಡಿಯ ವಿಷಯ ಹೇಳಿದೆ.

"ಅಷ್ಟು ಓದಿದ್ದೀ. ಎರಡರಲ್ಲಿ ಒಂದು ಹೇಳು."

"ಗೊತ್ತಾಗುದಿಲ್ಲ ಅಮ್ಮ."

ನನ್ನ ಹೆಬ್ಬೆರಳು ಕೊಂಡಿಯನ್ನು ಹಾಕಿ ತೆಗೆಯುತ್ತಲೇ ಇತ್ತು.

"ಅದೆಂತ ಶಬ್ದ?"

"ಅದೇ."

"ಇನ್ನೊಮ್ಮೆ ಮಾಡು."

ಫೋನಿನ ಹತ್ತಿರ ಹಿಡಿದು ಹಾಕಿದೆ. ತೆಗೆದೆ.

"ಎರಡೂ ಒಂದೇ ಹಾಗೆ ಕೇಳ್ತದಲ್ಲ ಮಾರಾಯ್ತಿ" ಅಂದಳು ಅಮ್ಮ. "ಭಟ್ರಿಗೆ ಈಗ ಬರುದು ಬೇಡ ಅಂತ ಹೇಳ್ತೇನೆ."