ತಳಿಯಿಂದ ಬಂದ ಮಲ್ಲಿಗೆ

ಪಾಪಮ್ಮನ ಹಾಲು ಹಿಂಗುತ್ತಿತ್ತು. ಕೂಸು ಎದೆ ಕಚ್ಚಿ ಒಂದಿಷ್ಟು ಚೀಪಿ, ಆಮೇಲೆ ಮುಖ ಕೆಂಪಗೆ ಮಾಡಿಕೊಂಡು ಚೀರುತ್ತಿತ್ತು. ಗಂಡ ಚಿನ್ನಪ್ಪ ಯುದ್ಧಕ್ಕೆಂದು ಪಟಾಲಂ ಸೇರಿ ಹೋದವನು ಮಗಳ ಮುಖವನ್ನೇ ಕಂಡಿರಲಿಲ್ಲ. ಅತ್ತೆ ಅಕ್ಕಯಮ್ಮ ಹೊತ್ತು ಮೂಡುವ ಮುಂಚೆ ರಾಗಿ ಹೊಲಕ್ಕೆ ಹೊರಟರೆ ದೀಪ ಹಚ್ಚುವ ವೇಳೆಗೆ ಬರುವಳು. ಕೆಲಮಂಗಲದ ಆ ಮನೆಯಲ್ಲಿ ಹಗಲೆಲ್ಲ ಪಾಪಮ್ಮನ ಮಾತಿಗೆ ಕೂಸಿನ ಅಳುವೊಂದೇ ಉತ್ತರ.

ತವರಲ್ಲಿ ತಾಯಿ ಇಲ್ಲದ್ದಕ್ಕೇ ಬಾಣಂತನ ಇಲ್ಲಿ ನಡೆದಿತ್ತು. ತಾಯಿ ನೆಟ್ಟ ಮಲ್ಲಿಗೆ ಬಳ್ಳಿ ಮಾತ್ರ ತವರೂರಾದ ತಳಿಯಲ್ಲಿ ಇನ್ನೂ ಹೂ ಬಿಡುತ್ತಿತ್ತು. ಗಾಡಿಯಲ್ಲಿ ತರಕಾರಿ ಹೇರಿಕೊಂಡು ಬರುವ ಅಣ್ಣ ಮುತ್ತರಾಯಪ್ಪ, ಅದರ ಹೂವನ್ನು ಕಟ್ಟಿಸಿ ಬಾಳೆಲೆಯಲ್ಲಿ ಸುತ್ತಿ ತಂದು, ಜಗಲಿಯಲ್ಲೇ ಕೊಟ್ಟು ಹೋಗುತ್ತಿದ್ದ.

ಸೂಲಗಿತ್ತಿ ಗೋವಿಂದಮ್ಮ ಕೈಲಾದ್ದೆಲ್ಲ ಮಾಡಿದ್ದಳು. ಹಲವು ಮಕ್ಕಳ ತಾಯಿ ಎನ್ನುವ ಶತಾವರಿ ಬೇರನ್ನು ಅಗೆದು ತಂದು ಹಾಲಲ್ಲಿ ತೇದು ಕುಡಿಸಿದ್ದಳು. ಮುದ್ದೆಗೆ ಸಬ್ಬಸಿಗೆ ಸೊಪ್ಪಿನ ಸಾರು, ಸುಟ್ಟ ಬೆಳ್ಳುಳ್ಳಿ ಹೇಳಿದ್ದಳು.

"ಬಿಸ್ನೀರು ಚೆನ್ನಾಗ್ ಕುಡಿ. ಬಾಣಂತಿಗೆ ನೀರು ಕೊಡ್ಬಾರ್ದು ಅಂತಾಳಲ್ಲ ನಿಮ್ಮತ್ತೆ, ಹಾಲು ಏನು ಗೋಡೆಯಿಂದ ಇಳೀತದಾ?"

ಯಾವುದೂ ಹಿಡಿಯಲಿಲ್ಲ. ಎದೆಯಲ್ಲಿ ಗಂಟೇನಾದರೂ ಇದೆಯೋ ನೋಡೋಣವೆಂದು ಅವಳು ಒಂದು ಮಧ್ಯಾಹ್ನ ಪಾಪಮ್ಮನ ರವಿಕೆ ಬಿಚ್ಚಿಸಿದಳು. ಬಾಡಿದ ಮಲ್ಲಿಗೆ ದಂಡೆ ಮಡಿಲಿಗೆ ಬಿತ್ತು.

"ಇದೇನಮ್ಮಿ ಇದು?"

"ನಮ್ಮವ್ವನ ಗಿಡದ್ದು. ಬಾಣಂತಿ ಹೂವ ಮುಡೀಬಾರ್ದು ಅಂದ್ರು ಅತ್ತೆ. ಅದ್ಕೇ ಒಳಗಿಕ್ಕಂಡೆ. ವಾಸ್ನೆ ಬರ್ತಿದ್ರೆ ಅವ್ವ ಪಕ್ಕದಲ್ಲೇ ಕುಂತಂಗೆ ಆಯ್ತದೆ."

ಗೋವಿಂದಮ್ಮ ದಂಡೆಯನ್ನು ಮಡಿಲಿಂದ ಎತ್ತಿ ಹಿಡಿದಳು.

"ಕೂಸು ಹೋದ ತಾಯಿಗೆ ನಾವು ಎದೆಗೆ ಕಟ್ಟೋದು ಇದ್ನೇ ಕಣಮ್ಮಿ, ಹಾಲು ಹಿಂಗ್ಲಿ ಅಂತ. ನಿಂಗೆ ಯಾರೂ ಹೇಳ್ಲಿಲ್ವಾ?"

ಯಾರು ಹೇಳಬೇಕಿತ್ತು? ಪಾಪಮ್ಮ ಕೂಸನ್ನು ಅವಚಿಕೊಂಡಳು.

"ಅಳ್ಬ್ಯಾಡ. ಇನ್ನೂ ಪೂರಾ ಹಿಂಗಿಲ್ಲ. ಆದ್ರೆ ಇದ್ನ ಮನೆಯೊಳಕ್ಕೇ ತರ್ಬ್ಯಾಡ. ಕಣ್ಣಿಗೆ ಬಿದ್ರೆ ಕೈ ಹೋಯ್ತದೆ. ಕೂಸ್ನ ಎದೆಗೆ ಹಾಕ್ತಾನೇ ಇರು, ಅದು ಎಳ್ದಂಗೆಲ್ಲ ಹಾಲು ಇಳೀತದೆ."

ಅಣ್ಣ ಮತ್ತೆ ಬಂದಾಗ ಬಾಳೆಲೆಯ ಪೊಟ್ಟಣ ಮುಂದೆ ಹಿಡಿದ. ಪಾಪಮ್ಮ ಕೈ ಚಾಚಲಿಲ್ಲ.

"ಹೂವ ತರ್ಬ್ಯಾಡ ಅಣ್ಣಾ ಇನ್ಮೇಲೆ."

"ಯಾಕಮ್ಮಿ? ದಂಡಾಳಿನ ಹೆಂಡ್ತಿಗೆ ತವ್ರು ಸದರ ಆಗೋಯ್ತಾ?"

ನಿಜ ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಅವ್ವನ ಬಳ್ಳಿಯ ಮೇಲೆ ದೂರು ಹೊರಿಸಿದಂತಾಗುತ್ತಿತ್ತು.

"ಸಬ್ಸಿಗೆ ಸೊಪ್ಪಿದ್ರೆ ತಾ," ಎಂದಳು.

ಅಣ್ಣ ನಗುತ್ತ ಪೊಟ್ಟಣವನ್ನು ಎತ್ತಿನ ಕೊಂಬಿಗೆ ಸಿಕ್ಕಿಸಿ ಗಾಡಿ ಹೊಡೆದ. ವಾಸನೆ ಜಗಲಿಯಲ್ಲಿ ಸ್ವಲ್ಪ ಹೊತ್ತು ನಿಂತು, ಅದೂ ಹೋಯಿತು.

ಒಳಗೆ ಕೂಸು ಎದೆಗೆ ಬಿತ್ತು. ಗುಟುಕು ಇಳಿಯುವ ಸದ್ದು ಕೇಳಿಸಿತು, ನಿಂತಿತು, ಮತ್ತೆ ಕೇಳಿಸಿತು. ಕಟಬಾಯಲ್ಲಿ ಹಾಲು ಒಸರಿತು. ಪಾಪಮ್ಮ ಬಗ್ಗಿ ಮಗಳ ನೆತ್ತಿ ಮೂಸಿದಳು. ಹರಳೆಣ್ಣೆ, ಹೊಗೆ, ಹಾಲು. ಮಲ್ಲಿಗೆ ಎಲ್ಲೂ ಇರಲಿಲ್ಲ.