ಕರಡಿಗೆಯ ಅಂಚು

ಕಮಲಾಕ್ಷಮ್ಮನವರು ಎದುರಿಗೆ ಬಂದ ಹೆಂಗಸಿನ ಮುಖವನ್ನು ಮೊದಲು ನೋಡುತ್ತಿರಲಿಲ್ಲ. ಬಿಂದಿಗೆ ಯಾವ ಸೊಂಟದ ಮೇಲಿದೆ ಎಂದು ನೋಡುತ್ತಿದ್ದರು. ನಿನ್ನೆಯವರೆಗೆ ಎಡಗಡೆ ಹೊರುತ್ತಿದ್ದವಳು ಇಂದು ಬಲಕ್ಕೆ ಬದಲಾಯಿಸಿದ್ದರೆ ಬಾವಿಕಟ್ಟೆಯ ಮೇಲೆ ಕುಳಿತೇಬಿಡುವರು. ಯಾಕೆಂದು ಕೇಳುತ್ತಿರಲಿಲ್ಲ. ಮಳೆ, ಬೆಳೆ, ಮಕ್ಕಳ ಕೆಮ್ಮು ಎಲ್ಲವನ್ನೂ ಮಾತಾಡಿ, ಶುಕ್ರವಾರ ಎಣ್ಣೆ ಹಚ್ಚಿ ನೀರೆರೆಯಲು ತಾವೇ ಬರುವುದಾಗಿ ಹೇಳಿ ಏಳುವರು.

ಮಧುಗಿರಿಯ ದವಾಖಾನೆಯಲ್ಲಿ ಅವರು ಮಿಡ್‌ವೈಫು. ಸಿರಾದಲ್ಲಿ ಕಾಂಪೌಂಡರಾಗಿದ್ದ ಗಂಡ ಅಕಾಲದಲ್ಲಿ ತೀರಿಕೊಂಡಿದ್ದರು. ಅವರ ಕಂದು ಕೋಟನ್ನು ಸೀರೆಯ ಮೇಲೆ ತೊಟ್ಟು, ಒಂದು ಜೇಬಿನಲ್ಲಿ ಹರಳೆಣ್ಣೆಯ ಸೀಸೆ, ಇನ್ನೊಂದರಲ್ಲಿ ಸೀಗೆಪುಡಿಯ ಪೊಟ್ಟಣ ಇಟ್ಟುಕೊಂಡು, ಕೊರಟಗೆರೆಯ ದಾರಿಯಲ್ಲೋ ಕಳ್ಳಂಬೆಳ್ಳದ ಕೆರೆಯೇರಿಯ ಮೇಲೋ ದಾಪುಗಾಲು ಹಾಕುತ್ತಿದ್ದ ಆ ಕುಳ್ಳು ಆಕೃತಿಯನ್ನು ನೆನೆದರೆ ಈಗಲೂ ನನಗೆ ನಗೆ ಬರುತ್ತದೆ, ಹಿಂದೆಯೇ ಕಣ್ಣೂ ಒದ್ದೆಯಾಗುತ್ತದೆ. ನಡೆಯುವಾಗ ಮೆಟ್ಟು ಕಾಲಲ್ಲಿರುತ್ತಿರಲಿಲ್ಲ, ಕೈಯಲ್ಲಿರುತ್ತಿತ್ತು; ಸವೆಯಬಾರದಂತೆ! ಪಾವಗಡದ ಕಡೆಯವರಾದ್ದರಿಂದ ಮಾತಿನಲ್ಲಿ ತೆಲುಗು ಬೆರೆತಿತ್ತು. ಯಾರು ಏನು ಅಡ್ಡಿ ಹೇಳಿದರೂ "ಸರೇಲೇ ಕಣಮ್ಮ" ಅನ್ನುವರು, ಆಮೇಲೆ ತಾವು ಅಂದುಕೊಂಡದ್ದನ್ನೇ ಮಾಡುವರು.

ಎದೆಯ ಗಂಟನ್ನು ಗಂಡಸು ಡಾಕ್ಟರಿಗೆ ತೋರಿಸುವ ಹೆಂಗಸು ಆಗ ನಮ್ಮ ಸೀಮೆಯಲ್ಲಿ ಇರಲಿಲ್ಲ. ಗಂಡನಿಗೆ ಹೇಳಲು ನಾಚಿಕೆ, ಅತ್ತೆಗೆ ಹೇಳಲು ಭಯ. ಹೇಳಿದರೂ ಯಾವುದೋ ಶಾಪವೆಂದು ಮುಚ್ಚಿಡುವ ಮನೆಗಳೇ ಹೆಚ್ಚು.

"ನೋವೈತಾ ಅಂತ ಕೇಳಿದ್ರೆ ಯಾವಳೂ ಹೂಂ ಅನ್ನಾಕಿಲ್ಲ. ಎಣ್ಣೆ ಹಚ್ತೀನಿ ಅಂದ್ರೆ ಯಾವಳೂ ಬ್ಯಾಡ ಅನ್ನಾಕಿಲ್ಲ," ಎಂದು ಕಮಲಾಕ್ಷಮ್ಮ ನನಗೊಮ್ಮೆ ಹೇಳಿದ್ದರು. ಬಚ್ಚಲ ಹಂಡೆಯ ಹೊಗೆಯಲ್ಲಿ, ಹರಟೆಯ ನಡುವೆ, ಅವರ ಬೆರಳುಗಳು ಹೆಗಲಿನಿಂದ ಕಂಕುಳಿಗೆ, ಕಂಕುಳಿನಿಂದ ಎದೆಗೆ ಇಳಿದು ಪರೀಕ್ಷೆ ಮುಗಿಸುತ್ತಿದ್ದವು.

ನಮ್ಮ ಮನೆಗೆ ಅವರು ಬಂದದ್ದು ಸಾವಿರದ ಒಂಬೈನೂರ ಮೂವತ್ತೊಂದರಲ್ಲಿ. ಕೊರಳಿನ ಇಷ್ಟಲಿಂಗವನ್ನಿಡುವ ಬೆಳ್ಳಿ ಕರಡಿಗೆ ಉಜ್ಜಿ ಎದೆಯ ಎಡಗಡೆ ಬಾವು ಬಂದಿದೆ ಎಂದು ನನ್ನ ತಾಯಿ ಚನ್ನಮಲ್ಲಮ್ಮ ಹೇಳಿದ್ದಳು. ನಾನು ನಂಬಿದ್ದೆ. ಬಿ.ಎ. ಪಾಸು ಮಾಡಿ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದ ಮಹಾಶಯನಾದ ನಾನು, ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿ ಆಕೆಯ ಕೊರಳಲ್ಲೇ ಉಳಿಸಿ, ಬರಿಯ ಕರಡಿಗೆಯನ್ನು ಅಕ್ಕಸಾಲಿಗನ ಬಳಿಗೊಯ್ದು ಅಂಚು ನುಣುಪು ಮಾಡಿಸಿ ತಂದೆ. ಒಂದಲ್ಲ, ಎರಡು ಸಲ. ಆದರೂ ಬಾವು ಇಳಿಯದಿದ್ದಾಗ ಅಮ್ಮ ಶಿವದಾರವನ್ನು ಎಳೆದು ಕರಡಿಗೆಯನ್ನು ಬಲಕ್ಕೆ ಸರಿಸಿಕೊಂಡಳು. ಹೀಗೆ ಕಳೆದುಹೋದ ಆರು ತಿಂಗಳನ್ನು ನೆನೆದರೆ ನನಗೆ ನನ್ನ ಮೇಲೆಯೇ ಹೇಸಿಗೆಯಾಗುತ್ತದೆ.

ಸೆರಗಿನೊಳಗೆ ಬಲಕ್ಕೆ ಸರಿದಿದ್ದ ಆ ಕರಡಿಗೆಯ ಉಬ್ಬನ್ನು ಕಮಲಾಕ್ಷಮ್ಮನವರು ಬೀದಿಯಿಂದಲೇ ಕಂಡರು. ಶುಕ್ರವಾರ ಎಣ್ಣೆಸೀಸೆಯೊಂದಿಗೆ ಹಾಜರಾದರು. ಬಚ್ಚಲಿನಿಂದ ಹೊರಬಂದವರು ಕೈ ಒರೆಸಿಕೊಳ್ಳುತ್ತ ನನ್ನನ್ನು ಪಕ್ಕಕ್ಕೆ ಕರೆದರು. "ಇದು ಅಕ್ಕಸಾಲಿ ಕೆಲ್ಸ ಅಲ್ಲ ಕಣಪ್ಪ. ಬೆಂಗ್ಳೂರಾಗೆ ಹೆಂಗಸು ಡಾಕ್ಟ್ರು ಅವ್ರೆ, ಕುಯ್ದು ತೆಗೀತಾರೆ. ಇನ್ನೂ ತಡ ಮಾಡಿದ್ರೆ ನಿಮ್ಮವ್ವ ಉಳಿಯಾಕಿಲ್ಲ," ಎಂದರು.

ತಂದೆ ವೃಷಭೇಂದ್ರಪ್ಪನವರು ಎರಡು ದಿನದ ಮೇಲೆ ಒಪ್ಪಿದರು. ಒಪ್ಪದವಳು ಅಮ್ಮ.

"ಅಲ್ಲಿ ಎದೆಮ್ಯಾಗಿನ ಲಿಂಗ ತೆಗೆಸ್ತಾರಂತೆ. ಲಿಂಗ ಬುಟ್ಟು ಬದುಕಾದು ನಂಗೆ ಬ್ಯಾಡ," ಎಂದು ಗೋಡೆಗೆ ಮುಖ ಮಾಡಿ ಮಲಗಿದಳು.

"ಸರೇಲೇ ಕಣಮ್ಮ" ಎಂದು ಎದ್ದ ಕಮಲಾಕ್ಷಮ್ಮನವರು ನೆಟ್ಟಗೆ ಮಠಕ್ಕೆ ಹೋಗಿ, ಲಿಂಗವನ್ನು ಎದೆಯ ಮೇಲಲ್ಲದೆ ತಲೆಯ ಮೇಲೂ ಧರಿಸಬಹುದೇ ಎಂದು ಅಲ್ಲಿಯ ಹಿರಿಯರಾದ ಮಲ್ಲಿಕಾರ್ಜುನಯ್ಯನವರನ್ನು ಕೇಳಿದರು. ಧಾರಾಳವಾಗಿ ಧರಿಸಬಹುದು, ಶಾಸ್ತ್ರವೇ ಹೇಳಿದೆ ಎಂದರು ಆ ವೃದ್ಧರು. ಮರುದಿನ ಬೆಳಗ್ಗೆ ಕಮಲಾಕ್ಷಮ್ಮ ತಮ್ಮದೇ ಲಿಂಗವನ್ನು ಬಿಳಿಯ ವಸ್ತ್ರದಲ್ಲಿ ಸುತ್ತಿ ನೆತ್ತಿಯ ಮೇಲೆ ಕಟ್ಟಿಕೊಂಡು, ಮೈಮೇಲೆ ಅದೇ ಕಂದು ಕೋಟು ತೊಟ್ಟು, ಪೇಟೆಬೀದಿಯ ನಡುವೆ ನಮ್ಮ ಮನೆಗೆ ನಡೆದು ಬಂದರು. ಬೀದಿಗೆ ಬೀದಿಯೇ ಬಿದ್ದು ಬಿದ್ದು ನಕ್ಕಿತು. ಅಮ್ಮ ಎದ್ದು ಕುಳಿತಳು.

"ನಂಗೂ ಇಂಗೇ ಕಟ್ಟು," ಎಂದಳು.

ತುಮಕೂರಿಗೆ ಮೋಟಾರು, ಅಲ್ಲಿಂದ ರೈಲು. ಆಸ್ಪತ್ರೆಯ ಮೂರು ವಾರವೂ ಕಮಲಾಕ್ಷಮ್ಮನವರು ರಜಾ ಹಾಕಿ ಅಮ್ಮನ ಜೊತೆಗಿದ್ದರು; ಪೂಜೆಯ ಹೊತ್ತು ಬಿಟ್ಟರೆ ಅಷ್ಟು ದಿನವೂ ತಮ್ಮ ಲಿಂಗವನ್ನು ನೆತ್ತಿಯಿಂದ ಇಳಿಸಲಿಲ್ಲ. ಊರಿಗೆ ಮರಳಿದ ಮೇಲೆ ಅಮ್ಮ ಕರಡಿಗೆಯನ್ನು ಮತ್ತೆ ಎಡಕ್ಕೇ ಹಾಕಿಕೊಂಡಳು. ಅಲ್ಲಿ ಅದು ಉಜ್ಜುವುದಕ್ಕೆ ಈಗ ಏನೂ ಇರಲಿಲ್ಲ.

ಆ ವಿಷಯವನ್ನು ಅಮ್ಮ ಮತ್ತೆಂದೂ ಬಾಯಿಬಿಟ್ಟು ಆಡಲಿಲ್ಲ. ಆದರೆ ಶುಕ್ರವಾರ ಬಂತೆಂದರೆ ಹಂಡೆಗೆ ಉರಿ ಹಾಕಿ, ನೆರೆಮನೆಯ ಸೊಸೆಯರನ್ನು ಒಬ್ಬೊಬ್ಬರಾಗಿ ಕರೆದು ನೀರೆರೆಯುತ್ತಿದ್ದಳು. ಬಚ್ಚಲಿನೊಳಗಿನ ಹರಟೆ ಇದ್ದಕ್ಕಿದ್ದಂತೆ ನಿಂತಾಗಲೆಲ್ಲ ಜಗಲಿಯಲ್ಲಿ ಕುಳಿತ ನಾನು ಪುಸ್ತಕ ಮುಚ್ಚುತ್ತಿದ್ದೆ. ಹೀಗೆ ಹದಿನಾಲ್ಕು ವರ್ಷ ಬದುಕಿದಳು.

ಪರೋಪಕಾರಿಗಳೆಂದು ಹೆಸರಾದವರು ಬಾಗಿಲು ತೆರೆದಿಟ್ಟು ಜನರನ್ನು ಕರೆಯುತ್ತಾರೆ, ಬಾರದವರನ್ನು ಮೂಢರೆನ್ನುತ್ತಾರೆ. ಕಮಲಾಕ್ಷಮ್ಮನಂಥವರು ನಾಚಿಕೆ ಎಲ್ಲಿ ಅಡಗಿ ಕುಳಿತಿದೆಯೋ ಅಲ್ಲಿಗೇ ಎಣ್ಣೆಸೀಸೆ ಹಿಡಿದು ಹೋಗುತ್ತಾರೆ. ನಗೆಗೀಡಾಗಬೇಕಾದರೆ ಮೊದಲು ತಾವೇ ಆಗುತ್ತಾರೆ. ಅಂಥವರ ಹೆಸರನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸುವುದಿಲ್ಲ. ಅವರು ಮಾಡಿದ ಕೆಲಸ ಉಳಿಯುವುದು, ಮುದುಕಿಯರಾಗುವ ತನಕ ಬದುಕಿದ ಕೆಲವು ಹೆಂಗಸರಲ್ಲಿ. ಅವರಲ್ಲೊಬ್ಬಳು ನನ್ನ ತಾಯಿ.